ಕೆನ್ನೆ ತಟ್ಟಿದರೆ ನಿಧಾನದ ಬಾಲು

ಕೈಮುಗಿಯುವುದನ್ನು ಕಲಿಸಿದ ಹಿರಿಯರು ಕೈಯನ್ನು ಸುಮ್ಮನಿಡುವುದನ್ನು ನನಗೆ ಕಲಿಸಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಗುಡಿ ಕಂಡರೆ ಸಾಕು, ನನ್ನನ್ನು ಕೇಳದೆಯೇ ಎರಡೂ ಕೈ ಮೇಲೆದ್ದು ಕೆನ್ನೆ ತಟ್ಟಿಬಿಡುತ್ತವೆ. ಹಾಲು ಉಕ್ಕದೆ ಉಳಿದರೆ ಒಮ್ಮೆ, ಉಕ್ಕಿದರೂ ಒಲೆಯಷ್ಟೇ ಹಾಳಾಯಿತು, ಕೈ ಸುಡಲಿಲ್ಲವಲ್ಲ ಎಂದು ಇನ್ನೊಮ್ಮೆ. ನಮ್ಮ ಮನೆದೇವತೆ ಗಂಗಮ್ಮನಿಗೆ ಇದು ಸಾಕಾಗಿದೆಯೋ ಏನೋ, ನನಗಂತೂ ಆಗಿಲ್ಲ. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ನನ್ನ ಮಗಳು ಚೈತ್ರ ಬೇಸ್‌ಬಾಲ್‌ನಲ್ಲಿ ಪಿಚ್ಚರ್ ಆಗುವವರೆಗೆ.

ಪಿಚ್ಚರ್ ಎಂದರೆ ಮೈದಾನದ ನಡುವೆ ನಿಂತು ಬಾಲು ಎಸೆಯುವವಳು. ಎದುರಿಗೆ ಒನಕೆಯಂಥ ಬ್ಯಾಟು ಹಿಡಿದವಳು ಮೂರು ಸಲ ಬೀಸಿ ಮೂರು ಸಲವೂ ತಪ್ಪಿದರೆ ಔಟು. ನನಗೆ ಅರ್ಥವಾದದ್ದು ಇಷ್ಟು. ಯಾವ ಬಾಲು ಎಸೆಯಬೇಕೆಂದು ಆಟ ಕಲಿಸುವ ಊರಿಗಾಂನ ಸೆಲ್ವಂ ಮೇಷ್ಟ್ರು ಬೆಂಚಿನಿಂದಲೇ ಸನ್ನೆ ಮಾಡುತ್ತಿದ್ದರು. ಕಿವಿ ಹಿಡಿದರೆ ಜೋರಿನದು, ಮೀಸೆ ಸವರಿದರೆ ಬಾಗಿ ಬರುವುದು, ಕೆನ್ನೆ ತಟ್ಟಿದರೆ ನಿಧಾನದ್ದು. ಚೈತ್ರ ಕೀಲಿ ಕೊಟ್ಟ ಬೊಂಬೆಯಂತೆ ಎಸೆಯುತ್ತಿದ್ದಳು.

ಆದರೆ ಆ ಮೇಷ್ಟ್ರ ದೊಡ್ಡತನ ಇದ್ದದ್ದು ಸನ್ನೆಯಲ್ಲಲ್ಲ. ಅಭ್ಯಾಸದ ದಿನ ಅವರು ಸನ್ನೆ ಮಾಡುತ್ತಲೇ ಇರಲಿಲ್ಲ. ಪ್ರತಿ ಬಾಲಿನ ಮೇಲೂ "ಯಾಕೆ ಪಾಪಾ ಆ ಬಾಲು?" ಎಂದು ಕೇಳುತ್ತಿದ್ದರು. ಹುಡುಗಿಯರು ಏನು ಹೇಳಿದರೂ "ಸರಿ, ನೋಡೋಣ" ಎನ್ನುವರು. ಉತ್ತರ ತಪ್ಪಾಗಿದ್ದರೆ ಅದನ್ನು ಮುಂದಿನ ಬಾಲೇ ಹೇಳುತ್ತಿತ್ತು. ಸಾರಿಗೆ ಒಂದು ಚಿಟಿಕೆ ಉಪ್ಪು ಕಡಿಮೆಯಾದರೂ ಮಗಳ ಕೈಯಿಂದ ಸೌಟು ಕಿತ್ತುಕೊಳ್ಳುವ ನನಗೆ ಆ ತಾಳ್ಮೆ ನೋಡಿ ಕೈಮುಗಿಯಬೇಕೆನಿಸುತ್ತಿತ್ತು. ಮುಗಿದೂ ಇದ್ದೆ.

ಜಿಲ್ಲಾ ತಂಡಕ್ಕೆ ಆಯ್ಕೆ ಮಾಡುವ ಪಂದ್ಯದ ದಿನ ಮೇಷ್ಟ್ರು ಎಲ್ಲರೆದುರೇ ಹೇಳಿದರು: "ಇವತ್ತು ನನ್ನ ಕಡೆ ನೋಡ್ಬೇಡ ಚೈತ್ರಾ. ಸ್ವಂತ ಬುದ್ಧಿಯಿಂದ ಆಡಿದ್ರೆ ತಂಡ, ಇಲ್ಲಾಂದ್ರೆ ಮನೆ." ಹೇಳಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಮಗಳು ಮೇಷ್ಟ್ರನ್ನು ನೋಡಿದಳು, ಸನ್ನೆಯಿಲ್ಲ. ಆಕಾಶ ನೋಡಿದಳು, ಅಲ್ಲೂ ಇಲ್ಲ. ಕೊನೆಗೆ ನನ್ನನ್ನು ನೋಡಿದಳು. ಅವಳ ಪೆಚ್ಚು ಮುಖ ಕಂಡು ನಾನು "ಗಂಗಮ್ಮ ತಾಯೀ" ಎಂದು ಕೆನ್ನೆ ತಟ್ಟಿಕೊಂಡೆ. ಅವಳು ನಿಧಾನದ ಬಾಲು ಎಸೆದಳು. ಎದುರಿನವಳು ಅದನ್ನು ದೂರದ ಬೇಲಿಗೆ ಬಾರಿಸಿದಳು. ಗಾಬರಿಯಿಂದ ನಾನು ಇನ್ನೂ ಜೋರಾಗಿ ತಟ್ಟಿಕೊಂಡೆ. ಮತ್ತೆ ನಿಧಾನದ ಬಾಲು, ಮತ್ತೆ ಬೇಲಿ. ನನ್ನ ಭಕ್ತಿ ಹೆಚ್ಚಿದಷ್ಟೂ ಎದುರಾಳಿಗಳ ರನ್ನು ಹೆಚ್ಚುತ್ತಿತ್ತು.

ಮೇಷ್ಟ್ರು ನನ್ನ ಪಕ್ಕ ಬಂದು ಕುಳಿತರು. "ಅಕ್ಕಾ, ಯಾರಿಗೆ ಸನ್ನೆ ಮಾಡ್ತಾ ಇದ್ದೀರಾ?"

"ದೇವ್ರಿಗೆ ಸಾರ್."

"ದೇವ್ರಿಗೆ ತಲುಪೋ ಮುಂಚೆ ಪಾಪಾಗೆ ತಲುಪ್ತಾ ಇದೆ. ಕೆನ್ನೆ ತಟ್ಟಿದ್ರೆ ಸ್ಲೋ ಬಾಲ್ ಅಂತ ನಾನೇ ಹೇಳ್ಕೊಟ್ಟಿರೋದು."

"ಅಯ್ಯೋ, ಈಗೇನ್ ಮಾಡ್ಲಿ ಸಾರ್?"

"ಮನಸ್ಸಲ್ಲೇ ಬೇಡ್ಕೊಳ್ಳಿ. ಅವ್ರಿಗೆ ಕೇಳಿಸ್ತದೆ."

ಎರಡೂ ಕೈಯನ್ನು ತೊಡೆಯಡಿ ಇಟ್ಟು ಅದರ ಮೇಲೆ ಕುಳಿತೆ. ಹುಟ್ಟಿದಾಗಿನಿಂದ ಅಷ್ಟು ಕಷ್ಟದ ವ್ರತ ಮಾಡಿಲ್ಲ. ಹೇಗೋ ತೇಲುತ್ತಾ ಮುಳುಗುತ್ತಾ ಆಟ ಕೊನೆಯವರೆಗೂ ಬಂತು. ನಮ್ಮವರು ಒಂದೇ ರನ್ನು ಮುಂದಿದ್ದರು. ಕೊನೆಯ ಹುಡುಗಿ ಎರಡು ಸಲ ಬೀಸಿ ತಪ್ಪಿದ್ದಳು. ಇನ್ನೊಂದು ತಪ್ಪಿದರೆ ಗೆಲುವು, ಬಾರಿಸಿದರೆ ಮುಗಿಯಿತು. ಮಗಳು ನಮ್ಮ ಕಡೆ ತಿರುಗಿದಳು. ಮೇಷ್ಟ್ರ ಕೈ ಬೆನ್ನ ಹಿಂದೆ, ನನ್ನ ಕೈ ನನ್ನಡಿಯಲ್ಲಿ. ಆಮೇಲೆ ಮೊದಲ ಬಾರಿಗೆ ಅವಳು ಎದುರಿನ ಹುಡುಗಿಯನ್ನೇ ಸರಿಯಾಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಬಾಲು ಎಸೆದಳು. ಮತ್ತೆ ನಿಧಾನದ್ದೇ. ಆ ಹುಡುಗಿ ಬಾಲು ಬರುವ ಮೊದಲೇ ಬ್ಯಾಟು ಬೀಸಿ, ತಾನೇ ಒಂದು ಸುತ್ತು ತಿರುಗಿ ನಿಂತಳು. ಬಾಲು ಆಮೇಲೆ ಸಾವಕಾಶವಾಗಿ ಹೋಯಿತು.

ಮೇಷ್ಟ್ರು ಹೊಗಳಲಿಲ್ಲ. ಎಂದಿನಂತೆ "ಯಾಕೆ ಪಾಪಾ ಆ ಬಾಲು?" ಎಂದರು.

"ಅವ್ಳಿಗೆ ಆತುರ ಇತ್ತು ಸಾರ್. ತುಟಿ ಕಚ್ಕೊಂಡು, ಒಂದು ಕಾಲು ಕುಣಿಸ್ತಾ ಇದ್ಲು."

"ಅಷ್ಟು ದೂರದಿಂದ ಆತುರ ಅಂತ ಹೆಂಗೆ ಗೊತ್ತಾಯ್ತು?"

"ನಮ್ಮಮ್ಮನ್ನ ದಿನಾ ನೋಡ್ತೀನಲ್ಲ ಸಾರ್."

ಮೇಷ್ಟ್ರು ನಕ್ಕುಬಿಟ್ಟರು. "ಅಕ್ಕಾ, ನನಗಿಂತ ಚೆನ್ನಾಗಿ ನೀವೇ ಕೋಚಿಂಗ್ ಕೊಟ್ಟಿದ್ದೀರಾ. ಪಾಪಾ ತಂಡದಲ್ಲಿದ್ದಾಳೆ." ಹೆಮ್ಮೆ ಪಡುವುದೋ ನಾಚಿಕೊಳ್ಳುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

"ಬೇಗ ಚೀಲ ಎತ್ಕೊಳಮ್ಮಿ, ಬಂಗಾರಪೇಟೆ ಬಸ್ ಓಗ್ಬುಡ್ತದೆ" ಎಂದು ರಸ್ತೆಯ ಕಡೆಗೆ ಹೊರಟೆ. ಚೈತ್ರ ಕೂತು ಒಂದೊಂದೇ ಶೂ ಲೇಸು ಬಿಚ್ಚುತ್ತಾ, "ಓಗ್ಲಿ ಬುಡಮ್ಮ, ಹಿಂದೇನೇ ಇನ್ನೊಂದೈತೆ" ಎಂದಳು. ಬಸ್ಸು ಹೋಯಿತು, ಬಾಗಿಲಲ್ಲಿ ಜನ ಜೋತಾಡುತ್ತಾ. ಹಿಂದೆ ಬಂದದ್ದು ಖಾಲಿ; ಇಬ್ಬರಿಗೂ ಕಿಟಕಿ ಪಕ್ಕವೇ ಸಿಕ್ಕಿತು. ಅವಳು ಮಾಡಿದ್ದೇ ಸರಿ ಎಂದು ನಾನೇನೂ ಒಪ್ಪಿಕೊಳ್ಳಲಿಲ್ಲ. "ಎಲ್ಲಾ ಗಂಗಮ್ಮನ ದಯೆ ಕಣೆ" ಎಂದು ಕಿಟಕಿಯ ಕಡೆ ತಿರುಗಿ ಕುಳಿತೆ.