ಬ್ಯಾಟರಿ ಕಾಯುವ ಕ್ರಿಸಾಂತೊ

ಗುಂಯ್ ಎಂದು ಸಣ್ಣಗೆ ಹಾಡಿಕೊಳ್ಳುತ್ತಿತ್ತು ಸಭಾಭವನದ ಮೂಲೆಯ ಬ್ಯಾಟರಿ ಪೆಟ್ಟಿಗೆ. ಹೊರಗೆ ಸಾಮಾರ್ ದ್ವೀಪವನ್ನೇ ಕಿತ್ತೊಯ್ಯುವಂಥ ಚಂಡಮಾರುತ. ಊರಿನ ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಭವನದಲ್ಲಿ ಮಾತ್ರ ದೀಪಗಳು ಜಗಮಗಿಸುತ್ತಿದ್ದವು; ಮನೆ ಬಿಟ್ಟು ಬಂದವರೆಲ್ಲ ಅಲ್ಲಿ ಚಾಪೆ ಹಾಸಿದ್ದರು. ಮಾಡಿನ ಸೋಲಾರ್ ಫಲಕಗಳು ಕರೆಂಟು ತುಂಬಿಟ್ಟ ಆ ಪೆಟ್ಟಿಗೆಗೆ ಕ್ರಿಸಾಂತೊ ಸರ್ವಾಧಿಕಾರಿ. ಕೊರಳಲ್ಲಿ ಬೀಗದ ಕೈ, ಎದೆಯಲ್ಲಿ ಚಕ್ರವರ್ತಿಯ ಹಿಗ್ಗು.

ಅವನ ಹೆಂಡತಿ ಲಿಗಾಯ ಊರಿನ ನರ್ಸು. ಪಕ್ಕದ ಚರ್ಚಿನಲ್ಲಿ ಬಸುರಿಯೊಬ್ಬಳಿಗೆ ನೋವು ಬಂದಾಗ, ಕೂಸುಗಳ ಲಸಿಕೆಯ ಫ್ರಿಜ್ಜನ್ನು ಅವನಿಗೊಪ್ಪಿಸಿ ಹೊರಟಿದ್ದಳು.

"ಫ್ರಿಜ್ಜು, ದೀಪ, ಫೋನು. ಬೇರೆ ಯಾವುದಕ್ಕಾದ್ರೂ ಕರೆಂಟು ಕೊಟ್ಟೆಯೋ, ಆ ಕೂಸುಗಳಿಗೆ ನೀನೇ ಉತ್ತರ ಹೇಳು."

"ಬಂಡೆಗಲ್ಲು ಕಣೇ ನಾನು."

ಕಷ್ಟವೇನೆಂದರೆ, ಊರಿನ ಅರ್ಧ ಮಕ್ಕಳನ್ನು ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡ ಜ್ಞಾನಸ್ನಾನದ ತಂದೆ ಅವನೇ. ಆ ಮಕ್ಕಳ ಅಪ್ಪಂದಿರೆಲ್ಲ ಅವನಿಗೆ, ಅವನು ಅವರಿಗೆ 'ಕುಂಪಾರೆ', ಒಡಹುಟ್ಟಿದವರಿಗಿಂತ ಹತ್ತಿರದ ನೆಂಟ. ಕುಂಪಾರೆಗೆ ಇಲ್ಲವೆನ್ನುವುದಕ್ಕಿಂತ ಚಂಡಮಾರುತಕ್ಕೆ ಎದೆಯೊಡ್ಡುವುದು ಸುಲಭ.

ಮೊದಲು ಐಸ್ಕೊ ಬಂದ, ರೈಸ್ ಕುಕ್ಕರ್ ತಬ್ಬಿಕೊಂಡು. "ಹಸಿದಿರೋದು ನಿನ್ನ ಜ್ಞಾನಸ್ನಾನದ ಮಗನೇ ಕುಂಪಾರೆ. ಆಗಲ್ಲ ಅನ್ನೋದಾದ್ರೆ ನೀನೇ ಅವನಿಗೆ ಹೇಳಿಬಿಡು."

ಆ ಕುಕ್ಕರಿಗೆ ಪ್ಲಗ್ಗು ಸಿಕ್ಕಿದ್ದೇ ತಡ, ಅದರ ಹಿಂದೆ ಕುಕ್ಕರುಗಳ ಮೆರವಣಿಗೆಯೇ ಬಂತು. ಆಮೇಲೆ ತೊಯ್ದು ತೊಪ್ಪೆಯಾದ ಪ್ರುದೆನ್ಸಿಯೊ, ಹಾಡಿದವರಿಗೆ ಅಂಕ ಕೊಡುವ ಕರೋಕೆ ಯಂತ್ರ ತಳ್ಳಿಕೊಂಡು ಬಂದ.

"ಗಾಳಿ ಸದ್ದಿಗೆ ಮಕ್ಕಳು ಹೆದರಿದ್ದಾವೆ. ಒಂದೇ ಹಾಡು. ಅದೂ ನೀನೇ ಹಾಡೋದು."

ಕ್ರಿಸಾಂತೊ ಮೈಕು ಹಿಡಿದ (ಕೇವಲ ಮಕ್ಕಳ ಹಿತಕ್ಕಾಗಿ). ಯಂತ್ರ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿತು. ಇಷ್ಟೊಂದು ಗುಣಗ್ರಾಹಿಯಾದ ಯಂತ್ರವನ್ನು ಒಂದೇ ಹಾಡಿಗೆ ಆರಿಸುವುದು ಹೇಗೆ?

ಮತ್ತೊಂದು ಹಾಡಿನ ತಾರಸ್ವರದಲ್ಲಿ ಅವನಿದ್ದಾಗ ಪೆಟ್ಟಿಗೆ ಕೆಂಪು ಕಣ್ಣು ಬಿಟ್ಟಿತು. ದೀಪಗಳಿಗಷ್ಟು ಉಳಿಸಿಕೊಂಡು ಮಿಕ್ಕೆಲ್ಲದರ ಕರೆಂಟು ಕಿತ್ತುಕೊಂಡಿತು. ಮೈಕು ಸತ್ತಿತು, ಫ್ರಿಜ್ಜು ಮೌನವಾಯಿತು. ಬಾಗಿಲಲ್ಲಿ ಲಿಗಾಯ ನಿಂತಿದ್ದಳು.

"ಲಸಿಕೆ..." ಎಂದ ಕ್ರಿಸಾಂತೊ. ಎತ್ತಿ ಆಡಿಸಿದ ಕೂಸುಗಳೆಲ್ಲ ಕಣ್ಣ ಮುಂದೆ ಬಂದವು.

"ಅದನ್ನ ಐಸ್ ಪೆಟ್ಟಿಗೇಲಿ ಹಾಕಿ ನನ್ನ ಜೊತೆಗೇ ಒಯ್ದಿದ್ದೆ. ಫ್ರಿಜ್ಜಲ್ಲಿರೋದು ನಿನ್ನ ಬಿಯರು."

"ಗಂಡನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ಹಾಡೇ ಹಾಡ್ತೀಯ ಅಂತ ಪೂರ್ತಿ ನಂಬಿಕೆ ಇತ್ತು. ಈಗ ಉಳಿದಿರೋದು ರಾತ್ರಿ ದೀಪಕ್ಕೆ ಮಾತ್ರ. ಕೀ ಕೊಡು."

"ಕೊಡಲ್ಲ. ಇನ್ನು ನೋಡ್ತಿರು. ಯಾರೇ ಬಂದು ಪ್ಲಗ್ಗು ಕೇಳಲಿ, ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ..."

"ಕುಂಪಾರೆ," ಹೊರಗಿನಿಂದ ಇನ್ನೊಬ್ಬನ ದನಿ. "ನನ್ನ ಕಾಳಗದ ಹುಂಜ ನೆಂದು ನಡುಗ್ತಿದೆ. ಕೂದಲು ಒಣಗಿಸೋ ಮಿಷನ್ ತಂದಿದ್ದೀನಿ. ಪುಕ್ಕ ಆರೋವರೆಗೆ ಸಾಕು."

"ಹೂಂ," ಎಂದಳು ಲಿಗಾಯ, "ಮುಖಕ್ಕೆ ಹೊಡೆದ ಹಾಗೆ ಏನು?"

ಕ್ರಿಸಾಂತೊ ಆಗಲೇ ಕೊರಳಿನ ಕೀ ತೆಗೆಯುತ್ತ, ಹುಂಜವನ್ನು ಒಳಗೆ ಕರೆತರಲು ಬಾಗಿಲ ಕಡೆ ನಡೆದಿದ್ದ.