ಹುಣಸೆ ಬೀಜದ ರೀಚಾರ್ಜು

ಚರ್ಚಾಸ್ಪರ್ಧೆಯಲ್ಲಿ ನಾನು ಸೋತಿದ್ದು ಒಂದೇ ಸಲ. ಅದೂ ಮೈಕ್ ಕೆಟ್ಟಿದ್ದರಿಂದ. ಹೀಗಾಗಿ ನಮ್ಮ ಮನೆಗೆ ಪ್ರೀಪೇಯ್ಡ್ ಮೀಟರ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನನಗೆ ಒಪ್ಪಿಸಿದರೆ ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಹ್ಯಾಂಡ್‌ಪೋಸ್ಟ್‌ನಿಂದ ಸರಗೂರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ಗೋಡೆಯ ಮೇಲಿದ್ದ ಹಳೆಯ ಮೀಟರ್ ಅಂಕಿ ತೋರಿಸುವುದನ್ನೇ ಬಿಟ್ಟುಬಿಟ್ಟಿತ್ತು. ಹೊಸದಕ್ಕೆ ಅರ್ಜಿ ತುಂಬಿಸಲು ವೈರಿಂಗ್ ನಾಗಣ್ಣ ಬಂದರು.

"ದುಡ್ಡು ಮೊದ್ಲೇ ಕಟ್ಟಿ ಆಮೇಲೆ ಉರ್ಸೋದೋ, ಉರ್ಸಿ ಆಮೇಲೆ ಕಟ್ಟೋದೋ? ಯೋಚ್ನೆ ಮಾಡಿ. ಸೋಮವಾರ ಬತ್ತೀನಿ."

"ಒಂದು ನಿಮಿಷ ನಾಗಣ್ಣ," ಎಂದೆ. "ದುಡ್ಡು ಮುಗಿದ ಕೂಡಲೇ ಕರೆಂಟ್ ಹೋಗ್ತದಾ, ಹೇಳಿ ಹೋಗ್ತದಾ? ಭಾನುವಾರ ಮುಗಿದ್ರೆ? ಹಬ್ಬದ ದಿನ ಮುಗಿದ್ರೆ? ಗ್ರೈಂಡರಲ್ಲಿ ಹಿಟ್ಟು ಅರ್ಧ ರುಬ್ಬಿದಾಗ ಮುಗಿದ್ರೆ ಆ ಹಿಟ್ಟಿಗೆ ಯಾರು ಜವಾಬ್ದಾರಿ?"

ನಾಗಣ್ಣ ಹೆಲ್ಮೆಟ್ ಹಾಕಿಕೊಂಡರು. "ಅಮ್ಮಿ, ನಾನು ವೈರಿಂಗ್ ಮಾಡೋನು. ಹಿಟ್ಟಿನ್ ವಿಚಾರ ನಿಮ್ಮವ್ವನ್ ಕೇಳು."

ಅಪ್ಪ ನನ್ನ ಕಡೆ ತಿರುಗಿದರು. "ಲಾ ಓದ್ತಾ ಇದ್ದೀಯಲ್ಲ, ನೀನೇ ತೀರ್ಮಾನ ಮಾಡ್ಬುಡು. ನಿಮ್ಮವ್ವನ ಮಿಷನ್ ಮಾತ್ರ ನಿಲ್ಲಬಾರ್ದು. ಅಷ್ಟೇಯ."

ಅವ್ವ ಮೋಟಾರು ಕಟ್ಟಿದ ಹೊಲಿಗೆ ಮಿಷನ್ನಿನಲ್ಲಿ ಊರಿನವರ ಬ್ಲೌಸ್ ಹೊಲಿಯುತ್ತಾಳೆ. ಆ ಭಾನುವಾರ ಸಂಜೆ ನಾಲ್ಕಕ್ಕೆ ಮದುವೆ ಹೆಣ್ಣೊಬ್ಬಳ ಧಾರೆ ಬ್ಲೌಸ್ ಕೊಡಬೇಕಿತ್ತು. ಹೊತ್ತಿಗೆ ಸರಿಯಾಗಿ ಕೊಡುತ್ತಾಳೆ ಎಂಬ ಹೆಸರಿನ ಮೇಲೆಯೇ ಅವಳ ಕೆಲಸ ನಿಂತಿದೆ.

ಒಳಗೊಳಗೇ ನಾನು ಪ್ರೀಪೇಯ್ಡ್ ವಿರೋಧಿ. ಆದರೆ ಪುರಾವೆಯಿಲ್ಲದೆ ಮಾತಾಡುವುದು ನನ್ನ ಜಾಯಮಾನವಲ್ಲ. ಜೊತೆಗೆ ಕುತೂಹಲ ಬೇರೆ: ಸೊನ್ನೆಗೆ ಬಂದ ಮನೆ ಹೇಗಿರುತ್ತದೆ? ಆದ್ದರಿಂದ ಶನಿವಾರ ಮತ್ತು ಭಾನುವಾರ ನಮ್ಮ ಮನೆ ಪ್ರಾಯೋಗಿಕವಾಗಿ ಪ್ರೀಪೇಯ್ಡ್ ಎಂದು ಘೋಷಿಸಿದೆ. ಮೈನ್ ಸ್ವಿಚ್ಚಿನ ಕೆಳಗೆ ಒಂದು ಸ್ಟೀಲ್ ಡಬ್ಬ. ಅದರಲ್ಲಿ ದಿನಕ್ಕೆ ಇಪ್ಪತ್ತು ಹುಣಸೆ ಬೀಜ. ಧಾರಾವಾಹಿಗೆ ಒಂದು ಬೀಜ ತೆಗೆಯಬೇಕು, ಗ್ರೈಂಡರಿಗೆ ಎರಡು, ನೀರಿನ ಮೋಟಾರಿಗೆ ಮೂರು, ಅವ್ವನ ಮಿಷನ್ನಿಗೆ ಗಂಟೆಗೊಂದು. ಡಬ್ಬ ಖಾಲಿಯಾದರೆ ಮೈನ್ ಸ್ವಿಚ್ ಆರಿಸತಕ್ಕದ್ದು! ರೀಚಾರ್ಜ್ ಮಾಡುವ ಅಧಿಕಾರ ನನ್ನೊಬ್ಬಳದೇ.

"ಹುಣಸೆ ಬೀಜಾನೇ ಯಾಕಮ್ಮಿ?" ಎಂದಳು ಅವ್ವ.

"ಕೈಗೆ ಸಿಕ್ಕಿತು."

ಮೊದಲ ತಪ್ಪು ಅಲ್ಲೇ ಆಯಿತು. ಹಿತ್ತಿಲಲ್ಲಿ ಎರಡು ಹುಣಸೆ ಮರ ಇಟ್ಟುಕೊಂಡು, ಬೇಸಿಗೆಯಿಡೀ ಹಣ್ಣು ಕುಟ್ಟಿ ಬೀಜ ತೆಗೆಯುವ ಮನೆಯಲ್ಲಿ ಹುಣಸೆ ಬೀಜವನ್ನು ನಾಣ್ಯ ಮಾಡುವುದೆಂದರೆ, ಕಬಿನಿ ಹಿನ್ನೀರಿನಲ್ಲಿ ನಿಂತು ನೀರಿಗೆ ಟೋಕನ್ ಹಂಚಿದ ಹಾಗೆ.

ಶನಿವಾರ ಮೋಟಾರು ಓಡಿತು, ಗ್ರೈಂಡರ್ ತಿರುಗಿತು, ಅಜ್ಜಿ ಮೂರು ಧಾರಾವಾಹಿ ನೋಡಿದಳು. ಸಂಜೆ ಡಬ್ಬ ಸುರಿದು ಎಣಿಸಿದೆ. ಇಪ್ಪತ್ತಾರು! ಬಳಸಿದಷ್ಟೂ ಕರೆಂಟ್ ಹೆಚ್ಚಾದ ಮನೆ ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು.

"ತಳ ಕಾಣ್ತಾ ಇತ್ತು, ಒಂದ್ ಹಿಡಿ ಹಾಕ್ದೆ," ಎಂದಳು ಅಜ್ಜಿ ನೆಮ್ಮದಿಯಾಗಿ.

"ಅಜ್ಜಿ, ಇದು ಖೋಟಾ ನೋಟು ಚಲಾಯಿಸಿದಂಗೆ!"

"ಯಾವ್ ಖೋಟಾ? ನಮ್ಮ್ ಮರದ್ದೇ ಕಣಮ್ಮಿ. ಅಕ್ಕಿ ಡಬ್ಬ ಬರಿದಾಗೋಕೆ ಬುಡ್ತೀವಾ? ತಳ ಕಾಣೋಕ್ ಮುಂಚೆ ಹಾಕ್ಬೇಕು. ಇಷ್ಟೂ ತಿಳೀದೆ ಏನ್ ಓದೀಯೋ!"

ನನ್ನ ಪುಸ್ತಕದಲ್ಲಿ 'ಪ್ರಯೋಗಕ್ಕೆ ಹಿರಿಯರಿಂದ ಅಡ್ಡಿ' ಎಂದು ಬರೆದುಕೊಂಡೆ. ರಾತ್ರಿಯೇ ನಲವತ್ತು ಬೀಜಕ್ಕೆ ಕೆಂಪು ನೇಲ್ ಪಾಲಿಶ್ ಬಳಿದೆ. ಇನ್ನು ಮುಂದೆ ಕೆಂಪು ಬೀಜ ಮಾತ್ರ ಚಲಾವಣೆ!

ಭಾನುವಾರ ಇಪ್ಪತ್ತು ಕೆಂಪು ಬೀಜ ಡಬ್ಬಕ್ಕೆ, ಉಳಿದ ಇಪ್ಪತ್ತು ನನ್ನ ಬ್ಯಾಗಿಗೆ. ಅಪ್ಪ ಮೋಟಾರು ಆರಿಸಲು ಮರೆತು ಟ್ಯಾಂಕ್ ತುಂಬಿ ಹರಿಯಿತು. ಮೂರು ಬೀಜ ದಂಡ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಾಗಣ್ಣನಿಗೆ ಕೇಳಲು ಇನ್ನೂ ಹನ್ನೊಂದು ಪ್ರಶ್ನೆ ಹುಟ್ಟಿದ್ದವು. ಪ್ರಶ್ನೆ ಕೇಳುವವಳು ನೋಡಲು ಗಂಭೀರವಾಗಿರಬೇಕಲ್ಲ? ಕೂದಲನ್ನು ಹೇರ್ ಸ್ಟ್ರೈಟ್ನರಿನಿಂದ ನೇರ ಮಾಡಿಕೊಂಡೆ. ಎರಡು ಬೀಜ. ಹ್ಯಾಂಡ್‌ಪೋಸ್ಟ್ ಬಸ್ಸು ಹತ್ತಿದಾಗ ಡಬ್ಬದಲ್ಲಿ ಒಂದೇ ಒಂದು ಉಳಿದಿತ್ತು.

ಅಲ್ಲಿನ ತಮ್ಮ ಅಂಗಡಿಯಲ್ಲಿ ನಾಗಣ್ಣ ಏಳು ಪ್ರಶ್ನೆಗೆ ಉತ್ತರ ಹೇಳಿದರು. ಎಂಟನೆಯದಕ್ಕೆ ಟೀ ತರಿಸಿದರು. ಒಂಬತ್ತನೆಯದಕ್ಕೆ ಅಂಗಡಿ ಬಾಗಿಲು ಎಳೆದರು.

ನಾಲ್ಕೂಕಾಲಿಗೆ ಮನೆಗೆ ಬಂದರೆ ಮಿಷನ್ ಸದ್ದಿಲ್ಲ. ಜಗಲಿಯ ಮೇಲೆ ಅವ್ವ ಸೂಜಿ ಹಿಡಿದು ಕೈಯಲ್ಲೇ ತೋಳು ಹೊಲಿಯುತ್ತಿದ್ದಳು. ಎದುರಿಗೆ ಮದುವೆ ಹೆಣ್ಣಿನ ಅಕ್ಕ, ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು.

"ಕರೆಂಟ್ ಹೋಯ್ತಾ ಅವ್ವ?"

"ಎಲ್ಲೋಯ್ತದೆ? ಡಬ್ಬ ಬರಿದಾಯ್ತು. ನಾನೇ ಮೈನ್ ಆರಿಸ್ದೆ. ರೂಲ್ಸು ನಿಂದೇ ಅಲ್ವಾ?"

"ಅದು ಬರೀ ಪ್ರಯೋಗ ಅವ್ವ!"

"ಇವ್ರ ಮದ್ವೆ ಪ್ರಯೋಗ ಅಲ್ಲ ಕಣಮ್ಮಿ."

ಅಜ್ಜಿ ಒಳಗಿನಿಂದ ಕೂಗಿದಳು: "ನಾನ್ ಹಾಕ್ತೀನಿ ಅಂದೆ. ಅವ್ಳ ಬೀಜಕ್ಕೆ ಬಣ್ಣ ಬೇಕಂತೆ, ಬಣ್ಣ!"

"ಒಂದು ಫೋನ್ ಮಾಡಬಾರದಿತ್ತಾ?"

"ಆರು ಸಲ ಮಾಡ್ದೆ. ನಿನ್ ನಂಬರು ಚಾಲ್ತೀಲೇ ಇಲ್ವಂತೆ."

ಫೋನ್ ತೆಗೆದು ನೋಡಿದೆ. ರೀಚಾರ್ಜ್ ಮುಗಿದಿತ್ತು!

ಸ್ವಿಚ್ ಹಾಕಿದೆ. ಮಿಷನ್ ತಟತಟ ಎಂದು ಓಡಿತು. ಅಪ್ಪ ಅರ್ಜಿ ತಂದು ಅವ್ವನ ಪಕ್ಕ ಕೂತರು. "ಮಿಷನ್ ನಿಂದು. ನೀನೇ ಯೋಳು."

"ಪ್ರೀಪೇಯ್ಡೇ ಹಾಕ್ಸಿ," ಎಂದಳು ಅವ್ವ, ತಲೆ ಎತ್ತದೆ. "ನಾನೂ ಅತ್ತೇನೂ ಮುಗಿಯೋಕೆ ಮುಂಚೆ ತುಂಬುಸ್ಕೋತೀವಿ. ಮುಗಿಯೋವರ್ಗೂ ಸುಮ್ಕಿರೋಳು ಈ ಮನೇಲಿ ಒಬ್ಳೇಯ."

"ದುಡ್ಡು ಮುಗೀತಾ ಬಂದ್ರೆ ಮೆಸೇಜ್ ಬರೋಕೆ ಒಂದ್ ನಂಬರ್ ಕೇಳವ್ರೆ," ಎಂದರು ಅಪ್ಪ.

ನಾನು ಬಾಯಿ ತೆರೆದೆ.

"ಅವ್ಳದ್ ಬ್ಯಾಡ!" ಮೂವರೂ ಒಟ್ಟಿಗೆ ಹೇಳಿದರು. ತೀರ್ಪುಗಾರರಲ್ಲಿ ಇಂಥ ಒಮ್ಮತವನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ.

ಪ್ರಾಯಶ್ಚಿತ್ತಕ್ಕೆಂದು ಬ್ಲೌಸಿಗೆ ಹುಕ್ಸ್ ಹಾಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕೈಗೆ ಕೊಟ್ಟಾಗ ಆ ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಿಮ್ಮ್ ಮಗಳು ಏನ್ ಓದ್ತಾವ್ಳೆ?"

"ಲಾ," ಎಂದಳು ಅವ್ವ.

ಅವರು ಕತ್ತರಿ ಎತ್ತಿಕೊಂಡು, ನಾನು ಹಾಕಿದ ಹುಕ್ಸ್ ಒಂದೊಂದಾಗಿ ಬಿಚ್ಚತೊಡಗಿದರು. ಆರರಲ್ಲಿ ನಾಲ್ಕು ಉಲ್ಟಾ!