ಲಾಯಿತು ಮತ್ತು ಕಪ್ಪುತಲೆ ಹುಳು

ಕನ್ನಡದಲ್ಲಿ ತಪ್ಪು ಮಾಡಿದವರಿಗೆ ಅಡಗಿಕೊಳ್ಳಲು ‘ಲಾಯಿತು’ ಎಂಬುದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ರಸ್ತೆ ಅಗೆಯಲಾಯಿತು, ಮುಚ್ಚಲಾಯಿತು, ಮತ್ತೆ ಅಗೆಯಲಾಯಿತು. ಶಿರಾ ಗೇಟಿನ ಗುಂಡಿಗೆ ಬಿದ್ದು ಸ್ಕೂಟರಿನ ಮಡ್‌ಗಾರ್ಡ್ ಮುರಿದುಕೊಂಡ ಮೇಲೂ ಅಗೆದವರು ಯಾರೆಂದು ನನಗೆ ಗೊತ್ತಾಗಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ‘ಲಾಯಿತು’ ಕಂಡರೆ ಮೈಯೆಲ್ಲ ಉರಿಯುತ್ತದೆ. ಹೆಂಡತಿ “ಹಾಲು ಉಕ್ಕೋಯ್ತು” ಎಂದಾಗ “ಉಕ್ಕಿಸಿದ್ದು ಯಾರು?” ಎಂದು ಕೇಳಿ ಒಂದು ಹೊತ್ತಿನ ಕಾಫಿ ಕಳೆದುಕೊಂಡವನು ನಾನು.

ಹೀಗಿರುವಾಗ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಚೇಳೂರಿನ ಗಿರಿಜಾ ಒಂದು ಲೇಖನ ತಿದ್ದಿಕೊಡಿ ಎಂದು ಬಂದಳು. ತೆಂಗು ಬೆಳೆಗಾರರಿಗಾಗಿ ಕಾಲೇಜು ತರುತ್ತಿದ್ದ ಪುಸ್ತಿಕೆಗೆ ಬರೆದದ್ದು. ಹೆಸರು ‘ಅಕಶೇರುಕಗಳಲ್ಲಿ ಜೀನ್ ಮೌನೀಕರಣ’.

“ಏನಮ್ಮ ಹಂಗಂದ್ರೆ?”

“ಗರಿ ತಿನ್ನೋ ಕಪ್ಪುತಲೆ ಹುಳ ಇಲ್ವಾ ಸಾರ್, ಅದರ ಹೊಟ್ಟೇಲಿ ಗರಿ ಅರಗಿಸೋ ಜೀನ್ ಇರುತ್ತೆ. ಗರಿಗೆ ಒಂದು ದ್ರವ ಬಳಿದು ತಿನ್ಸಿದ್ರೆ ಆ ಜೀನ್ ಬಾಯಿ ಮುಚ್ಕೊಳುತ್ತೆ.”

“ಹಿಂಗೇ ಬರೀಬಾರ್ದಿತ್ತಾ?”

“ಅರ್ಥ ಆದ್ರೆ ಅದು ಸೈನ್ಸ್ ಅಲ್ಲ ಅಂತಾರೆ ನಮ್ಮ ಎಚ್.ಓ.ಡಿ.”

ಅಕಶೇರುಕ ಎಂದರೆ ಬೆನ್ನುಮೂಳೆ ಇಲ್ಲದ್ದು. ಅಂಥವರ ಬಾಯಿ ಮುಚ್ಚಿಸಲು ದ್ರವ ಬೇರೆ ಯಾಕೆ, ಒಂದು ಸ್ಟಾಫ್ ಮೀಟಿಂಗ್ ಸಾಕಲ್ಲ ಎಂದು ನಾನೇ ಜೋರಾಗಿ ನಕ್ಕೆ. ನಗುತ್ತಲೇ ಕೊನೆಯ ವಾಕ್ಯಕ್ಕೆ ಬಂದೆ: ‘ದ್ರವ ಬಳಿದ ಹಾಗೂ ಬಳಿಯದ ಉಭಯ ಗುಂಪುಗಳಲ್ಲಿಯೂ ಜೀವಂತಿಕೆಯ ಇಳಿಮುಖತೆ ಕಂಡುಬಂದಿದ್ದು, ವಿಧಾನವು ಪರಿಣಾಮಕಾರಿಯೆಂದು ತೀರ್ಮಾನಿಸಲಾಯಿತು.’

“ಅಂದ್ರೆ ಎಲ್ಲಾ ಹುಳಾನೂ ಸತ್ವಾ? ದ್ರವ ಬಳೀದೇ ಇದ್ದ ಗರಿ ತಿಂದವು ಯಾಕಮ್ಮ ಸತ್ವು?”

ಗಿರಿಜಾ ದನಿ ತಗ್ಗಿಸಿದಳು. “ಹೊಟ್ಟೆಗಿಲ್ದೆ ಸತ್ವು ಸಾರ್. ಎಚ್.ಓ.ಡಿ. ಲ್ಯಾಬಿಗೆ ಬೀಗ ಹಾಕಿ, ಬೀಗದಕೈ ಜೇಬಲ್ಲಿಟ್ಕೊಂಡು ಕುಣಿಗಲ್‌ಗೆ ಮದುವೆಗೆ ಹೋದೋರು ಒಂದು ವಾರ ಬರ್ಲಿಲ್ಲ. ನಂಗೆ ಗರಿ ಹಾಕೋಕಾಗ್ಲಿಲ್ಲ. ಈ ಕೊನೇ ವಾಕ್ಯ ಅವರದೇ. ನಮ್ಮ ತೆಂಗಿನ ತೋಟಕ್ಕೂ ಇದೇ ಹುಳ ಬಿದ್ದಿದೆ. ಇದು ಅಚ್ಚಾದ್ರೆ ನಮ್ಮಪ್ಪ ಔಷಧಿ ಸಿಕ್ತು ಅಂತ ಬೇರೆ ಏನೂ ಮಾಡದೆ ಕಾಯ್ಕೊಂಡು ಕೂತ್ಕತಾರೆ. ಅಷ್ಟರಲ್ಲಿ ತೋಟಾನೇ ಇರಲ್ಲ.”

ನನಗೆ ನಿಜಕ್ಕೂ ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆದದ್ದು ಯಾವಾಗಲೂ ಸ್ಪಷ್ಟವಾಗಿರುತ್ತದೆ. ‘ವಿಭಾಗದ ಮುಖ್ಯಸ್ಥರು ಲ್ಯಾಬಿಗೆ ಬೀಗ ಹಾಕಿ ಮದುವೆಗೆ ಹೋದರು. ಗರಿ ಸಿಗದೆ ಎಲ್ಲ ಹುಳುಗಳೂ ಸತ್ತವು. ದ್ರವ ಕೆಲಸ ಮಾಡುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ.’ ಬರೆದು ಮೂರು ಸಲ ಓದಿಕೊಂಡೆ. ಇಷ್ಟು ಒಳ್ಳೆಯ ಕನ್ನಡವನ್ನು ನಾನು ಬರೆದು ಬಹಳ ಕಾಲವಾಗಿತ್ತು.

ಗಿರಿಜಾ ಅದನ್ನು ಹಾಗೇ ಒಯ್ದು ಎಚ್.ಓ.ಡಿ. ಮೇಜಿನ ಮೇಲಿಟ್ಟಳು. ಮಾರನೆಯ ದಿನವೇ ಇಬ್ಬರಿಗೂ ಅವರಿಂದ ಕರೆ ಬಂತು. ಎಚ್.ಓ.ಡಿ. ಹಾಳೆಯನ್ನು ಮೇಜಿನ ಮೇಲೆ ಒಗೆದು ನನ್ನನ್ನೇ ನೋಡಿದರು. “ಏನ್ರೀ ಮೇಷ್ಟ್ರೇ, ಈ ಬೀಗದ ಕತೆ ಬರೆದಿದ್ದು ಯಾರು?”

ಅವರು ಪ್ರಾಂಶುಪಾಲರ ಷಡ್ಡಕ ಎಂಬುದು ನನಗೆ ಆ ಗಳಿಗೆಯಲ್ಲೇ ನೆನಪಾಗಬೇಕೆ?

“ಅದು... ಸ್ಪಷ್ಟತೆಯ ದೃಷ್ಟಿಯಿಂದ ತಿದ್ದಲಾಯಿತು ಸಾರ್” ಎಂದೆ.

ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, “ಬರೆಸಿದ್ದು ನಾನು ಸಾರ್. ಬೀಗ ಹಾಕಿದ್ದು ನೀವು” ಎಂದಳು.

ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದವು. ಅದರಲ್ಲಿ ನಾನು ತಿದ್ದುವಂಥದ್ದು ಏನೂ ಇರಲಿಲ್ಲ.